ಎಲೆ ಮಡಿಸದ ಗುಮಾಸ್ತ

“ಬುದ್ಧೀ, ನಾವು ಕೂಗಿದರೆ ಓಗೊಡುವವರು ಅಲ್ಲಿ ಯಾರಾದರೂ ಇದ್ದಾರೆಯೇ?”

ಕೇಳಿದವನು ಗುರುಮಲ್ಲ, ಮಠದ ಶಿಷ್ಯ. ಆ ಸೀಮೆಯಲ್ಲಿ ಗುರುಗಳನ್ನು ಬುದ್ಧಿ ಎಂದು ಕರೆಯುವುದು ರೂಢಿ. ಗುರುಮಲ್ಲನ ತಂಗಿ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅವಳು ಎದ್ದು ಓಡಾಡುವಂತಾಗಲಿ ಎಂದು ಬೇಡಿಕೊಳ್ಳುವುದಕ್ಕೇ ಅವನು ಮಠಕ್ಕೆ ಬಂದು ಸೇರಿದ್ದ. ಜಪ ಹಿಡಿದ. ಜಪ ಮುಗಿಯುವ ಮೊದಲೇ ಉಪವಾಸ ಹಿಡಿದ. ಉಪವಾಸ ಮುಗಿಯುವ ಮೊದಲೇ ಉರುಳುಸೇವೆಗೆ ಹರಕೆ ಹೊತ್ತ. ತಂಗಿ ಏಳಲಿಲ್ಲ. ಈಗ ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಗುರುಗಳ ಮುಂದೆ ನಿಂತಿದ್ದ. ಇಲ್ಲಿ ಯಾರೂ ಇಲ್ಲವೆಂದಾದರೆ ಹೇಳಿಬಿಡಿ, ಬೆಟ್ಟದಾಚೆಯ ಕ್ಷೇತ್ರಕ್ಕೆ ಹೋಗಿ ಅಲ್ಲಿ ಕೂಗುತ್ತೇನೆ ಎಂದ.

ಗುರುಗಳು ನಕ್ಕರು. ಅವರ ನಗೆ ಯಾವಾಗಲೂ ಅರ್ಧ ಬೈಗುಳ. ಮಠದ ಕಂಪ್ಯೂಟರಿನಲ್ಲಿ ಭಕ್ತರ ಹೆಸರು ಬರೆದಿಡುವ ಕೆಲಸ ಗುರುಮಲ್ಲನದಾಗಿತ್ತು. ಇಡೀ ದಿನ ಪರದೆ ನೋಡುವವನಿಗೆ ಹಸುವಿನ ಕತೆ, ಹಾವಿನ ಕತೆ ಹೇಳಿ ಏನು ಫಲ, ನಿನ್ನ ಜಾತಿಯ ಕತೆಯನ್ನೇ ಹೇಳುತ್ತೇನೆ, ಗಂಟು ಕೆಳಗಿಟ್ಟು ಕೂತುಕೋ ಎಂದರು. ಅವನು ಕೂತ. ಗಂಟು ಇಡಲಿಲ್ಲ. ಗುರುಗಳು ಕತೆಗೆ ತೊಡಗಿದರು.

ಒಂದು ಊರಿನ ಜೈಲಿನಲ್ಲಿ ಒಬ್ಬ ಗುಮಾಸ್ತನಿದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಕತೆ ಮುಗಿಯುವ ಹೊತ್ತಿಗೆ ಕೇಳುವವರಿಗೆ ಅನುಮಾನ ಬಂದೀತು.

ಅದೇ ಜೈಲಿನಲ್ಲಿ ಒಬ್ಬ ಕೈದಿಯಿದ್ದ. ಅವನ ಮೇಲಿನ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಅವನ ತಾಯಿ ಅದೇ ಊರಿನ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಳು. ಮಗನ ಕೈಯಿಂದ ಬಾಯಿಗೆ ಒಂದು ತೊಟ್ಟು ನೀರು ಬಿದ್ದರೆ ಸಾಕು, ಹೊರಟುಬಿಡುತ್ತೇನೆ ಎಂದು ಜೀವ ಹಿಡಿದುಕೊಂಡಿದ್ದಳು. ನ್ಯಾಯಾಧೀಶರಿಗೆ ಕನಿಕರ ಬಂತು. ಬೆಳಿಗ್ಗೆಯೇ ಜಾಮೀನು ಕೊಟ್ಟರು. ಇನ್ನು ಬಿಡುಗಡೆಯ ಆದೇಶ ಜೈಲಿಗೆ ಬಂದು ಸೇರುವುದೊಂದೇ ಬಾಕಿ.

ಹಿಂದೆ ಅಂಥ ಆದೇಶವನ್ನು ಕೋರ್ಟಿನ ಜವಾನ ಸೈಕಲ್ಲಿನಲ್ಲಿ ತಂದು ಕೊಡುತ್ತಿದ್ದ. ಯಾರೋ ಒಬ್ಬ ಖೋಟಾ ಕಾಗದ ತೋರಿಸಿ ಯಾರನ್ನೋ ಬಿಡಿಸಿಕೊಂಡು ಹೋದ ಮೇಲೆ ಆ ಪದ್ಧತಿ ನಿಂತುಹೋಯಿತು. ಈಗ ಕೋರ್ಟಿನವರು ಆದೇಶವನ್ನು ಕಂಪ್ಯೂಟರಿಗೆ ಹಾಕಬೇಕು. ಅದು ದೂರದ ದೊಡ್ಡ ಊರಿನ ಸರ್ವರಿನಲ್ಲಿ ಹೋಗಿ ಕೂರುತ್ತದೆ. ಜೈಲಿನವರು ತಮ್ಮ ಕಂಪ್ಯೂಟರಿನಿಂದ ಆ ಸರ್ವರಿನೊಳಕ್ಕೆ ಹೋಗಿ ಅದನ್ನು ಕಣ್ಣಾರೆ ನೋಡಬೇಕು. ನೋಡಿದರೆ ಗೇಟು ತೆರೆಯುತ್ತದೆ. ಬಾಯಿಮಾತಿಗೆ ತೆರೆಯುವುದಿಲ್ಲ, ಫೋನಿಗೂ ತೆರೆಯುವುದಿಲ್ಲ. ಸಂಜೆ ಆರಕ್ಕೆ ಕೈದಿಗಳ ಎಣಿಕೆ ಮುಗಿದು ಬೀಗ ಬಿತ್ತೆಂದರೆ, ಬ್ರಹ್ಮ ಬಂದು ನಿಂತರೂ ಬೆಳಗಾಗುವ ತನಕ ತೆರೆಯುವುದಿಲ್ಲ.

ಕೈದಿಯ ಹೆಂಡತಿ ಮಧ್ಯಾಹ್ನಕ್ಕೆ ಮೊದಲೇ ಬಂದು ಗುಮಾಸ್ತನ ಕಿಟಕಿಯ ಹೊರಗೆ ನಿಂತಳು. ಅತ್ತೆಯ ವಿಷಯ ಹೇಳಿದಳು. ಮೂಗಿನಲ್ಲಿ ನಳಿಗೆ ಇಟ್ಟಿದ್ದಾರೆ, ಆದರೂ ಮಗನ ಹೆಸರು ಹಿಡಿದರೆ ಕಣ್ಣು ಬಿಡುತ್ತಾರೆ ಎಂದಳು. ಗುಮಾಸ್ತನ ಸ್ವಂತ ತಾಯಿ ತೀರಿಕೊಂಡಾಗ ಅವನು ಬೇರೆ ಊರಿನಲ್ಲಿ ಕೆಲಸದ ಮೇಲಿದ್ದ. ಮಣ್ಣಿಗೆ ಮಾತ್ರ ಸಿಕ್ಕಿದ್ದ.

“ಆ ಕಲ್ಲಿನ ಮೇಲೆ ಕೂತ್ಕೊಳಮ್ಮ. ದೀಪ ಹಚ್ಚೋ ಹೊತ್ಗೆ ನಿನ್ನ ಗಂಡ ಆಸ್ಪತ್ರೇಲಿರ್ತಾನೆ. ಅದು ನನ್ನ ಜವಾಬ್ದಾರಿ,” ಎಂದ.

ಹೀಗೆ ಮಾತು ಕೊಟ್ಟು ಕಂಪ್ಯೂಟರಿನ ಮುಂದೆ ಕೂತ. ಹೆಸರು ಹಾಕಿದ, ಪಾಸ್‌ವರ್ಡ್ ಹಾಕಿದ. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗತೊಡಗಿತು. ಲೈನು ಅವತ್ತು ನಿಧಾನವಾಗಿತ್ತು. ಚಕ್ರ ತಿರುಗುತ್ತಲೇ ಇತ್ತು. ಪುಟ ಬರಲಿಲ್ಲ.

ಆ ಕಚೇರಿಯವರಿಗೆ ಒಂದು ಅಭ್ಯಾಸವಿತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಜನವಲ್ಲವೇ ನಾವು? ಆ ಬುದ್ಧಿ ಕಚೇರಿಗೂ ಬಂದಿತ್ತು. ಸರ್ವರ್ ಸಿಗುವುದೇ ಕಷ್ಟ, ಆದ್ದರಿಂದ ಒಮ್ಮೆ ತೆರೆದ ಪುಟವನ್ನು ಯಾರೂ ಮುಚ್ಚುತ್ತಿರಲಿಲ್ಲ. ಊಟಕ್ಕೆ ಎದ್ದರೂ ತೆರೆದಿಟ್ಟೇ ಏಳುತ್ತಿದ್ದರು. ತೆರೆದದ್ದು ಸುಮ್ಮನೆ ತಿರುಗುತ್ತ ಕೂತರೆ ಅದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ತೆರೆಯುತ್ತಿದ್ದರು. ಅದಲ್ಲದಿದ್ದರೆ ಇದು, ಯಾವುದಾದರೊಂದು ಬಂದೀತು ಎಂಬ ಆಸೆ. ಹೊಸದಾಗಿ ಸೇರಿದವರಿಗೆ ಹಳಬರು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಇದಾಗಿತ್ತು.

ಗುಮಾಸ್ತ ಇನ್ನೊಂದು ಪುಟ ತೆರೆದ. ಅದೂ ತಿರುಗಿತು. ಮತ್ತೊಂದು ತೆರೆದ. ನಡುವೆ ಕೋರ್ಟಿಗೆ ಫೋನ್ ಮಾಡಿದ. ಅಲ್ಲಿಯ ಗುಮಾಸ್ತನೂ ಒಳ್ಳೆಯವನೇ. ಆದೇಶಕ್ಕೆ ಸಹಿ ಬಿದ್ದಿದೆ, ಈಗ ಹಾಕುತ್ತಿದ್ದೇವೆ, ನೀವು ನೋಡುತ್ತಾ ಇರಿ ಎಂದ. ಜೈಲಿನ ಗುಮಾಸ್ತ ಆ ಮಾತನ್ನು ಗುರುವಾಕ್ಯದಂತೆ ಹಿಡಿದ. ಕಣ್ಣು ಕೀಳದೆ ನೋಡತೊಡಗಿದ. ನೋಡಿದಷ್ಟೂ ಇನ್ನೊಂದು ಪುಟ ತೆರೆದ.

ಬಾರದಿದ್ದಾಗ ದೋಷ ಹುಡುಕುವುದಕ್ಕೆ ಹೊರಟ. ಮೊದಲು ತನ್ನ ಕಡೆಯದೇ ದೋಷವಿರಬೇಕು ಎಂದುಕೊಂಡ. ಗೋಡೆಯಿಂದ ಕೇಬಲ್ ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ದೀಪ ಮಿಣುಕುವ ಡಬ್ಬವನ್ನು ಆರಿಸಿ ಮತ್ತೆ ಹಚ್ಚಿದ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ, ಅಕ್ಷರಾಭ್ಯಾಸ ಮಾಡುವ ಮಗುವಿನಂತೆ ಒತ್ತಿದ. ಸರ್ವರಿನ ವಿಳಾಸದ ಅಂಕಿಗಳನ್ನು ಪಕ್ಕದವನಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿದ. ಎಲ್ಲವೂ ಸರಿಯಿತ್ತು. ಕಂಪ್ಯೂಟರನ್ನೇ ಆರಿಸಿ ಹಚ್ಚಿ, ಮೊದಲಿನಿಂದ ಶುರು ಮಾಡಿದ. ಪ್ರತಿ ಸಲವೂ ಹೊಸ ಪುಟ, ಹೊಸ ಚಕ್ರ.

ಸರ್ವರ್ ಇದೆಯೋ ಇಲ್ಲವೋ ಎಂದು ದೂರದಿಂದ ಕೇಳಿ ನೋಡುವ ಒಂದು ಕ್ರಮ ಅವನಿಗೆ ಗೊತ್ತಿತ್ತು. ಹಾಗೆ ಕೇಳಿದ. ಇದ್ದೇನೆ ಎಂದು ಉತ್ತರ ಬಂತು. ಮತ್ತೆ ಕೇಳಿದ. ಇದ್ದೇನೆ ಎಂದೇ ಬಂತು. ಇದ್ದೂ ಒಳಗೆ ಬಿಡುತ್ತಿಲ್ಲ. ಇಲ್ಲವೇ ಇಲ್ಲ ಎಂದಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ದೊಡ್ಡ ಊರಿನಲ್ಲಿ ಸರ್ವರ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದ. ಅವನು ಹತ್ತಾರು ಕಚೇರಿಗಳ ಬೈಗುಳ ತಿಂದು ದಣಿದವನು. ಯಂತ್ರ ಓಡುತ್ತಿದೆ, ಇಲ್ಲಿಂದ ಎಲ್ಲ ಸರಿಯಿದೆ, ನಿಮ್ಮ ಕಡೆ ನೋಡಿಕೊಳ್ಳಿ ಎಂದು ಇಟ್ಟುಬಿಟ್ಟ. ಗುಮಾಸ್ತ ತನ್ನ ಕಡೆ ಎಲ್ಲವನ್ನೂ ಇನ್ನೊಂದು ಸಲ ನೋಡಿಕೊಂಡ. ತನ್ನ ಕಡೆಯೂ ಎಲ್ಲ ಸರಿಯಿತ್ತು. ಎರಡೂ ಕಡೆ ಸರಿಯಿದ್ದು ನಡುವೆ ಒಂದು ಜೀವ ಹೋಗುತ್ತಿತ್ತು.

ಆಮೇಲೆ ಅವನು ಪಕ್ಕದ ಮೇಜಿನವರನ್ನು ಬೇಡಿಕೊಂಡ. ನೀವೂ ಒಂದು ಕೈ ನೋಡಿ, ಯಾರ ಕಂಪ್ಯೂಟರಿನಲ್ಲಾದರೂ ತೆರೆದುಕೊಂಡೀತು, ಪುಣ್ಯ ಬರುತ್ತದೆ ಎಂದ. ಅವರಿಗೂ ಮನಸ್ಸು ಕರಗಿತ್ತು. ಕೆಲಸ ಬಿಟ್ಟು ಎಲ್ಲರೂ ಅವನ ಹೆಸರಿನಲ್ಲೇ ಪುಟ ತೆರೆಯತೊಡಗಿದರು. ಒಬ್ಬನಿಗೆ ಬಾರದಿದ್ದರೆ ಇನ್ನೊಬ್ಬ, ಇನ್ನೊಬ್ಬನಿಗೆ ಬಾರದಿದ್ದರೆ ಮತ್ತೆ ಮೊದಲಿನವನು. ಅಷ್ಟು ಒಗ್ಗಟ್ಟು ಆ ಕಚೇರಿಯಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಹೊರಗೆ ಆ ಹೆಂಗಸು ಆಗಾಗ ಎದ್ದು ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಅವನೇ ಕೈಯೆತ್ತಿ, ಬರುತ್ತದೆ, ಬರುತ್ತದೆ ಎನ್ನುತ್ತಿದ್ದ. ಹೊತ್ತು ಇಳಿದಂತೆ ಅವನಿಗೆ ಕಿಟಕಿಯ ಕಡೆ ನೋಡುವ ಧೈರ್ಯ ಹೋಯಿತು. ಬೆನ್ನು ತಿರುಗಿಸಿ ಕೂತ. ಒಂದು ಲೋಟ ನೀರು ಕುಡಿಯಲಿಲ್ಲ, ಚಹಾ ಬಂದದ್ದು ಹಾಗೆಯೇ ಆರಿತು. ನಾನು ಯಾವ ಜನ್ಮದಲ್ಲಿ ಯಾರ ಬಾಯಿಗೆ ಬೀಳುವ ನೀರು ತಪ್ಪಿಸಿದ್ದೆನೋ ಎಂದು ತನ್ನನ್ನೇ ಶಪಿಸಿಕೊಂಡ. ಶಪಿಸಿಕೊಳ್ಳುತ್ತಲೇ ಇನ್ನೊಂದು ಪುಟ ತೆರೆದ.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಕೋರ್ಟಿನ ಗುಮಾಸ್ತನೇ ಫೋನ್ ಮಾಡಿದ. ಆದೇಶ ಹಾಕಲು ತನಗೂ ಆಗುತ್ತಿಲ್ಲ, ಒಳಗೇ ಹೋಗಲಾಗುತ್ತಿಲ್ಲ, ಸರ್ವರ್ ಡೌನ್ ಇರಬೇಕು ಎಂದ. ಆ ಊರಿನ ಕಚೇರಿಗಳಲ್ಲಿ ಹಿಂದೆ ಹಣೆಬರಹ ಎನ್ನುತ್ತಿದ್ದ ಕಡೆಯಲ್ಲೆಲ್ಲ ಈಗ ಸರ್ವರ್ ಡೌನ್ ಎನ್ನುತ್ತಾರೆ. ಹೇಳಿದ ಮೇಲೆ ಯಾರೂ ಮರುಮಾತಾಡುವುದಿಲ್ಲ. ನಮ್ಮ ಗುಮಾಸ್ತನಿಗೆ ಮಾತ್ರ ಹಾಗೆ ಕೈಬಿಡಲು ಮನಸ್ಸು ಬರಲಿಲ್ಲ. ನೀವು ಬಿಡಬೇಡಿ, ನಾನೂ ಬಿಡುವುದಿಲ್ಲ ಎಂದು ಕೋರ್ಟಿನವನಿಗೆ ಧೈರ್ಯ ಹೇಳಿದ. ದೊಡ್ಡ ಊರಿನವನಿಗೆ ಮತ್ತೆ ಫೋನ್ ಮಾಡಿ, ಈ ಸಲ ಅಳುವ ದನಿಯಲ್ಲಿ, ಒಂದು ಸಲ ಎದ್ದು ಹೋಗಿ ನೋಡಪ್ಪ, ನಿನಗೂ ತಾಯಿಯಿದ್ದಾಳೆ ಎಂದ. ನೋಡುತ್ತೇನೆ ಎಂದು ಅವನು ಒಪ್ಪಿಕೊಂಡ.

ಅವನು ನೋಡುವಷ್ಟರಲ್ಲಿ ಆರು ಹೊಡೆಯಿತು. ಕೈದಿಗಳು ಸಾಲಾಗಿ ಕೂತರು. ಎಣಿಕೆ ನಡೆಯಿತು. ಸಾಲಿನಲ್ಲಿ ಆ ಕೈದಿಯೂ ಕೂತಿದ್ದ, ಬಟ್ಟೆ ಮಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದ. ಹೆಸರು ಕರೆದಾಗ ಅವನು ತಲೆಯೆತ್ತಿದ್ದು ಬಿಡುಗಡೆಗೆ ಕರೆದರೆಂದು. ಕರೆದದ್ದು ಎಣಿಕೆಗೆ. ಬೀಗ ಬಿತ್ತು. ಬೀಗದ ಕೈಗಳು ಹೋಗಿ ಪೆಟ್ಟಿಗೆ ಸೇರಿದವು.

ಆಗ ಗುಮಾಸ್ತನ ಮೇಜಿನ ಫೋನ್ ಬಡಿದುಕೊಂಡಿತು. ದೊಡ್ಡ ಊರಿನವನು.

“ಸಾರ್, ಇಲ್ಲಿ ಜಾಗ ಎಲ್ಲಾ ಭರ್ತಿಯಾಗಿದೆ. ಅದಕ್ಕೇ ಯಾರಿಗೂ ಒಳಗೆ ಬರೋಕಾಗ್ತಿಲ್ಲ.”

“ಯಾರಪ್ಪಾ ಕೂತಿರೋರು?”

“ಎಲ್ಲಾ ನೀವೇ ಸಾರ್.”

ಗುರುಮಲ್ಲ, ನಮ್ಮ ದಾಸೋಹದ ಪಂಕ್ತಿಯನ್ನು ನೆನೆಸಿಕೋ. ಇಷ್ಟು ಎಲೆ ಎಂದು ಹಾಕುತ್ತೇವೆ. ಬಂದವನಿಗೆ ಒಂದು ಎಲೆ. ಬಡಿಸುವುದು ತಡವಾದರೂ ಆ ಎಲೆ ಅವನದೇ. ಉಂಡು ಎಲೆ ಮಡಿಸಿ ಎದ್ದರೆ ಆ ಜಾಗ ಇನ್ನೊಬ್ಬನಿಗೆ. ಮಡಿಸದೆ ಎದ್ದು ಹೋದರೆ, ಎಲ್ಲೋ ಹೋಗಿದ್ದಾನೆ, ಬಂದಾನು ಎಂದು ಕಾಯುತ್ತೇವೆ. ಸರ್ವರಿನದೂ ಅದೇ ಧರ್ಮ. ಗುಮಾಸ್ತ ತೆರೆದ ಒಂದೊಂದು ಪುಟವೂ ಅಲ್ಲಿ ಒಂದೊಂದು ಎಲೆ ಹಿಡಿದು ಕೂತಿತ್ತು. ಕೇಬಲ್ ಕಿತ್ತಾಗ, ಕಂಪ್ಯೂಟರ್ ಆರಿಸಿದಾಗ ಅವನು ಹೇಳದೆ ಎದ್ದು ಹೋಗಿದ್ದ. ಎಲೆ ಮಡಿಸಿರಲಿಲ್ಲ. ಹಳ್ಳಿಯ ಕಡೆಯ ಲೈನು ಪದೇ ಪದೇ ಬೀಳುತ್ತದೆ, ಬಿದ್ದವರು ಮತ್ತೆ ಬಂದಾರು, ಪಾಪ, ಸ್ವಲ್ಪ ಹೆಚ್ಚು ಹೊತ್ತು ಕಾಯಲಿ ಎಂದು ದೊಡ್ಡ ಊರಿನವನೇ ಹಿಂದೆ ಒಮ್ಮೆ ಕರುಣೆಯಿಂದ ಏರ್ಪಾಡು ಮಾಡಿದ್ದ. ಸರ್ವರ್ ಕಾಯುತ್ತಿತ್ತು. ಗುಮಾಸ್ತ ಎದ್ದು ಹೋದ ಜಾಗಗಳಲ್ಲಿ ಗುಮಾಸ್ತನಿಗಾಗಿ ಕಾಯುತ್ತಿತ್ತು. ಬಾಗಿಲಲ್ಲಿ ಗುಮಾಸ್ತನೇ ನಿಂತು, ಒಳಗೆ ಬಿಡಿ ಎಂದು ಗೋಗರೆಯುತ್ತಿದ್ದ.

ಅಷ್ಟೇ ಆಗಿದ್ದರೆ ತನ್ನ ಕೇಡು ತನಗೆ ಎಂದು ಬಿಡಬಹುದಿತ್ತು. ಅದೇ ಬಾಗಿಲಲ್ಲಿ, ಅವನ ಹಿಂದೆ, ಆದೇಶವನ್ನು ಕೈಯಲ್ಲಿ ಹಿಡಿದುಕೊಂಡು ಕೋರ್ಟಿನ ಗುಮಾಸ್ತ ನಿಂತಿದ್ದ. ಅವನಿಗೆ ಕೂರಲು ಒಂದು ಎಲೆಯೂ ಉಳಿದಿರಲಿಲ್ಲ. ಇವನು ಯಾವುದಕ್ಕಾಗಿ ಅಷ್ಟು ಕೂಗಿದನೋ ಅದು ಇವನ ಕೂಗಿನಿಂದಲೇ ಹೊರಗುಳಿದಿತ್ತು.

ದೊಡ್ಡ ಊರಿನವನು ಮಡಿಸದ ಎಲೆಗಳನ್ನೆಲ್ಲ ಎತ್ತಿ ಹಾಕಿದ. ಕೋರ್ಟಿನವನು ಒಳಗೆ ಹೋದ. ಗುಮಾಸ್ತನ ಪರದೆಯ ಮೇಲೆ ಬಿಡುಗಡೆಯ ಆದೇಶ ಬಂದು ನಿಂತಿತು. ಸಹಿಯಿತ್ತು, ಮೊಹರಿತ್ತು, ಒಂದು ಅಕ್ಷರ ತಪ್ಪಿರಲಿಲ್ಲ. ಹೊರಗೆ ಆಗತಾನೇ ದೀಪ ಹಚ್ಚುತ್ತಿದ್ದರು.

ಗುಮಾಸ್ತ ಜೈಲರ್ ಹತ್ತಿರ ಓಡಿದ. ಕೈಮುಗಿದ, ಕಾಲಿಗೆ ಬಿದ್ದ. ಜೈಲರ್ ಕಟುಕನಲ್ಲ. ಅವನನ್ನು ಎತ್ತಿ ನಿಲ್ಲಿಸಿದ. ಬೀಗ ಬಿದ್ದ ಮೇಲೆ ತೆಗೆದರೆ ನಾನೇ ಒಳಗೆ ಹೋಗಬೇಕಾಗುತ್ತದೆ, ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನನ್ನೇ ಬಿಡುತ್ತೇನೆ ಎಂದ. ನಾಳೆ ಬೆಳಿಗ್ಗೆ ಎಂಬ ಮಾತನ್ನು ಹೊತ್ತುಕೊಂಡು ಗುಮಾಸ್ತ ಹೊರಗೆ ಬಂದ. ಆ ಹೆಂಗಸಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಯಾವ ಮಾತೂ ನಿಲ್ಲಲಿಲ್ಲ.

ಅವಳು ಕಲ್ಲಿನ ಮೇಲೆಯೇ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಅವನು ಬಾಯಿ ತೆರೆಯುವ ಮೊದಲೇ ಅವಳೇ ಮಾತಾಡಿದಳು.

“ಅತ್ತೆಮ್ಮ ಆಗ್ಲೇ ಹೊಂಟೋದ್ರು ಸ್ವಾಮಿ. ಬಿಸ್ಲು ಇಳಿಯೋಕ್ ಮುಂಚೆಲೇ ಆಸ್ಪತ್ರೆಯಿಂದ ಪೋನು ಬಂತು. ನೀವು ಅಷ್ಟೊಂದ್ ಕಷ್ಟ ಬೀಳ್ತಿದ್ರಲ್ಲ, ಎಂಗೇಳದು ಅಂತ ಸುಮ್ಕಾದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಅವರ್ಗೆ ಈಗ್ಲೇ ಹೇಳ್ಬ್ಯಾಡಿ. ರಾತ್ರಿ ಒಳಗೆ ಒಬ್ರೇ ಇರ್ತಾರೆ.”

ಇಷ್ಟು ಹೇಳಿ ಅವನಿಗೆ ಕೈಮುಗಿದು ಹೊರಟಳು. ಅವಳು ಕೈಮುಗಿದದ್ದು ಅವನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಬದುಕುತ್ತಿದ್ದ. ಒಳಗೆ ಬಂದು ಮೇಜಿನ ಮುಂದೆ ಕೂತ. ತೆರೆದಿಟ್ಟ ಪುಟಗಳು ಪರದೆಯ ತುಂಬ ಹಾಗೆಯೇ ಇದ್ದವು. ಒಂದೊಂದನ್ನಾಗಿ ಮುಚ್ಚುತ್ತ ಹೋದ. ಈಗ ಮುಚ್ಚಿ ಆಗಬೇಕಾದದ್ದು ಏನೂ ಇರಲಿಲ್ಲ. ಆದರೂ ಮುಚ್ಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಮುಗಿಯಿತೋ ಇನ್ನೂ ಇದೆಯೋ ಗುರುಮಲ್ಲನಿಗೆ ತಿಳಿಯಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟು ಗುರುಗಳ ಮೇಲೋ ಸರ್ವರಿನ ಮೇಲೋ, ಅದೂ ತಿಳಿಯಲಿಲ್ಲ. ಅಷ್ಟು ಮರುಗಿದವನಿಗೆ ಇಂಥ ಫಲವೇ ಎಂದು ಅವನ ಕಣ್ಣಲ್ಲಿ ನೀರು ಬಂತು.

“ಅವನು ಮಾಡಿದ ತಪ್ಪಾದರೂ ಏನು, ಬುದ್ಧೀ? ತನ್ನ ಕೈಲಾದದ್ದನ್ನೆಲ್ಲ ಮಾಡಿದ. ಒಬ್ಬ ತಾಯಿ ಸಾಯುತ್ತಿರುವಾಗ ಅವನು ಸುಮ್ಮನೆ ಕೂತಿರಬೇಕಾಗಿತ್ತೇ?”

“ಸುಮ್ಮನೆ ಕೂತಿದ್ದರೆ, ಮಗೂ, ಹೊರಗೆ ಕಲ್ಲಿನ ಮೇಲೆ ಒಬ್ಬಳು ಅಳುತ್ತಿರುವುದಾದರೂ ಅವನಿಗೆ ಕೇಳಿಸುತ್ತಿತ್ತು.”